ಸಭೆಯ ಕೀಲಿಕೈ ಯಾರ ಕೈಗೆ?

ಬಿಷಪರು ಎಷ್ಟನೆಯ ವಯಸ್ಸಿಗೆ ಕೆಳಗಿಳಿಯಬೇಕು? ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ನಾವೆಲ್ಲ ಸಿ.ಎಸ್.ಐ. ಎಂದು ಕರೆಯುವ ಸಭೆಯಲ್ಲಿ ಈ ಪ್ರಶ್ನೆ ಕೋರ್ಟಿನ ಮೆಟ್ಟಿಲು ಹತ್ತಿ ಕೆಲವು ವರ್ಷಗಳಾದವು. ನಿವೃತ್ತಿಯ ವಯಸ್ಸನ್ನು 67ರಿಂದ 70ಕ್ಕೆ ಏರಿಸುವ ತಿದ್ದುಪಡಿಯನ್ನು ಸಭೆಯ ಅತ್ಯುನ್ನತ ಮಂಡಳಿಯಾದ ಸಿನೊಡ್ 2022ರಲ್ಲಿ ಅಂಗೀಕರಿಸಿತು. ಅಂಗೀಕರಿಸಿದ ಕ್ರಮವೇ ಸರಿಯಿಲ್ಲ ಎಂದು ಸಭೆಯವರೇ ಮದ್ರಾಸ್ ಹೈಕೋರ್ಟಿಗೆ ಹೋದರು. 2023ರಲ್ಲಿ ಸಿನೊಡಿನ ಮುಖ್ಯಸ್ಥರಾದ ಮಾಡರೇಟರ್ ಆಯ್ಕೆಯನ್ನು ನ್ಯಾಯಾಲಯ ಅಸಿಂಧುಗೊಳಿಸಿತು. ಮರುವರ್ಷ ಸಿನೊಡಿನ ಆಡಳಿತ ನೋಡಿಕೊಳ್ಳಲು ಇಬ್ಬರು ನಿವೃತ್ತ ನ್ಯಾಯಮೂರ್ತಿಗಳನ್ನು ನೇಮಿಸಿ ಆದೇಶವೂ ಬಂತು.

ಇಷ್ಟೆಲ್ಲ ನಡೆದದ್ದು ಹೋಗುವವರ ವಯಸ್ಸಿನ ಸುತ್ತ. ಅವರ ನಂತರ ಬರುವವರು ಯಾರು, ಅವರಿಗೀಗ ಎಷ್ಟು ವಯಸ್ಸು, ಇದುವರೆಗೆ ಅವರ ಕೈಗೆ ಯಾವ ಕೆಲಸ ಕೊಟ್ಟು ನೋಡಿದ್ದೇವೆ ಎಂಬ ಪ್ರಶ್ನೆಗಳನ್ನು ಯಾವ ಕೋರ್ಟೂ ಕೇಳುವುದಿಲ್ಲ. ಅವನ್ನು ಕೇಳಬೇಕಾದದ್ದು ಸಭೆ. 67 ಸರಿಯೋ 70 ಸರಿಯೋ ಎಂಬ ಜಗಳ ಅಷ್ಟು ದೂರ ಹೋದದ್ದೇ ಈ ಎರಡನೆಯ ಪ್ರಶ್ನೆಗಳನ್ನು ಯಾರೂ ಸಮಯಕ್ಕೆ ಸರಿಯಾಗಿ ಕೇಳದೇ ಇದ್ದುದರಿಂದ ಎಂದು ನನಗೆ ಅನ್ನಿಸುತ್ತದೆ.

ಸತ್ಯವೇದವನ್ನು ಓದಿದವರಿಗೆ ಇದು ಹೊಸ ಸಂಗತಿಯಲ್ಲ. ಅರಣ್ಯಕಾಂಡದಲ್ಲಿ ಮೋಶೆ ತನ್ನ ಕಾಲ ಮುಗಿಯುತ್ತಿದೆ ಎಂದು ತಿಳಿದಾಗ ಮೊದಲು ಕೇಳಿಕೊಳ್ಳುವುದು ಜನರನ್ನು ಮುನ್ನಡೆಸಲು ಇನ್ನೊಬ್ಬನನ್ನು. ಯೆಹೋಶುವನನ್ನು ಯಾಜಕನ ಮುಂದೆ, ಇಡೀ ಸಮೂಹದ ಮುಂದೆ ನಿಲ್ಲಿಸಿ, ತಲೆಯ ಮೇಲೆ ಕೈಯಿಟ್ಟು, ತನ್ನ ಅಧಿಕಾರದಲ್ಲಿ ಒಂದು ಪಾಲನ್ನು ಆಗಲೇ ಅವನಿಗೆ ಕೊಡಬೇಕೆಂದು ಮೋಶೆಗೆ ಅಪ್ಪಣೆಯಾಗುತ್ತದೆ. ಮೋಶೆ ಕೈಯಿಟ್ಟದ್ದನ್ನು ಪ್ರಸಂಗ ಪೀಠಗಳಿಂದ ನಾವು ಬಹಳ ಸಲ ಕೇಳಿದ್ದೇವೆ. ಅಧಿಕಾರದ ಪಾಲು ಕೊಟ್ಟದ್ದನ್ನು ಅಷ್ಟಾಗಿ ಕೇಳಿಲ್ಲ. ಮೋಶೆಗೆ ಗೇರ್ಷೋಮ್, ಎಲೀಯೆಜೆರ್ ಎಂಬ ಇಬ್ಬರು ಗಂಡುಮಕ್ಕಳಿದ್ದರು. ಕೋಲು ಅವರ ಕೈಗೆ ಹೋಗಲಿಲ್ಲ.

ಅದೇ ಯೆಹೋಶುವ ತನ್ನ ಮುಪ್ಪಿನಲ್ಲಿ ಹಿರಿಯರನ್ನೆಲ್ಲ ಕೂಡಿಸಿ ಒಳ್ಳೆಯ ಮಾತುಗಳನ್ನಾಡಿದನೇ ಹೊರತು ಯಾರನ್ನೂ ಮುಂದೆ ನಿಲ್ಲಿಸಲಿಲ್ಲ. ಅದರ ಮುಂದಿನ ಪುಸ್ತಕ ನ್ಯಾಯಸ್ಥಾಪಕರ ಕಾಲದ್ದು. ಆ ಗೊಂದಲ ಎಲ್ಲರಿಗೂ ಗೊತ್ತು. ಸಮುವೇಲನಂಥ ಸಮುವೇಲನೂ ತನ್ನ ಇಬ್ಬರು ಮಕ್ಕಳನ್ನು ಬೇರ್ಷೆಬದಲ್ಲಿ ನ್ಯಾಯಾಧಿಪತಿಗಳಾಗಿ ಕೂರಿಸಿದ. ಅವರು ಲಂಚಕ್ಕೆ ಬಿದ್ದರು. ಜನ ಬೇಸತ್ತು ಅರಸನನ್ನೇ ಕೊಡು ಎಂದು ಪಟ್ಟು ಹಿಡಿದರು. ಚಿಕ್ಕವನಿದ್ದಾಗ ಯಾಜಕ ಏಲಿಯ ಮಕ್ಕಳ ಅವಾಂತರವನ್ನು ಕಣ್ಣಾರೆ ಕಂಡವನೇ ಹೀಗೆ ಮಾಡಿದನೆಂಬುದು ನನಗೆ ಇಂದಿಗೂ ಸೋಜಿಗ.

ಕರ್ನಾಟಕದಲ್ಲಿ ಈ ಪಾಠ ಕಲಿಯಲು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಕಥೆಗಿಂತ ಒಳ್ಳೆಯದು ಸಿಗದು. ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು 1834ರ ಅಕ್ಟೋಬರಿನಲ್ಲಿ ಮಂಗಳೂರಿಗೆ ಬಂದಿಳಿದರು. ಎರಡು ವರ್ಷದ ನಂತರ ಬಂದವರು ಹೆರ್ಮನ್ ಮೋಗ್ಲಿಂಗ್. 1843ರ ‘ಮಂಗಳೂರು ಸಮಾಚಾರ’ದಿಂದ ಕನ್ನಡಿಗರೆಲ್ಲರಿಗೂ ಅವರ ಪರಿಚಯವಿದೆ. ಪತ್ರಿಕೆಗಿಂತ ಹೆಚ್ಚಿನ ಹೊತ್ತನ್ನು ಅವರು ಕೊಟ್ಟದ್ದು ಬಲ್ಮಠದ ಗುಡ್ಡದ ಮೇಲೆ ಹುಡುಗರನ್ನು ಜೊತೆಗಿಟ್ಟುಕೊಂಡು ಉಪದೇಶಿಗಳನ್ನಾಗಿ ತಯಾರು ಮಾಡುವ ಕೆಲಸಕ್ಕೆ. ಊರಿನ ಸಭೆಯನ್ನು ಊರಿನವರೇ ನಡೆಸಬೇಕು, ಅದಕ್ಕೆ ಈಗಲೇ ತಯಾರಿ ಬೇಕು ಎಂಬ ಅರಿವು ಅವರಿಗಿತ್ತು.

ಆ ಹುಡುಗರಲ್ಲಿ ಎದ್ದು ಕಂಡವರು ಆನಂದರಾವ್ ಕೌಂಡಿನ್ಯ. ಬ್ರಾಹ್ಮಣ ಮನೆತನದ ಈ ತರುಣ 1844ರಲ್ಲಿ ದೀಕ್ಷಾಸ್ನಾನ ಪಡೆದು, ಗುರುವಿನ ಹೆಸರನ್ನೂ ಸೇರಿಸಿಕೊಂಡು ಹೆರ್ಮನ್ ಆನಂದರಾವ್ ಕೌಂಡಿನ್ಯರಾದರು. ಊರೊಳಗೆ ಎದ್ದ ಗಲಾಟೆ ಅಷ್ಟಿಷ್ಟಲ್ಲ. ಮೋಗ್ಲಿಂಗ್ ಅವರನ್ನು ತಮ್ಮ ಜೊತೆಗೇ ಬಾಸೆಲ್ಲಿಗೆ ಕರೆದೊಯ್ದು, ಜರ್ಮನ್ ಹುಡುಗರ ಪಕ್ಕದಲ್ಲಿ ಕೂರಿಸಿ ಓದಿಸಿದರು. 1851ರಲ್ಲಿ ಅವರು ಮರಳಿದ್ದು ಮಿಷನರಿಯಾಗಿ, ಯುರೋಪಿಯನ್ನರ ಸಹಾಯಕನಾಗಿ ಅಲ್ಲ. ಮಂಗಳೂರಿನಲ್ಲಿ ಪಾಠ ಹೇಳಿದರು, ಆಮೇಲೆ ಕೊಡಗಿನಲ್ಲಿ ಸಿದ್ದಾಪುರದ ಹತ್ತಿರ ಕಾಫಿ ತೋಟದ ನಡುವೆ ನೆಲೆಯಿಲ್ಲದವರಿಗೊಂದು ಊರು ಕಟ್ಟಿದರು. ಆನಂದಪುರ ಎಂಬ ಆ ಊರು ಇಂದಿಗೂ ಅವರ ಹೆಸರನ್ನು ಹೊತ್ತು ನಿಂತಿದೆ.

ಕೌಂಡಿನ್ಯರ ನಂತರ ಆ ದಾರಿಯಲ್ಲಿ ಸಾಲುಸಾಲಾಗಿ ಜನ ನಡೆದು ಬರಬೇಕಿತ್ತು. ಹಾಗಾಗಲಿಲ್ಲ. ಬಲ್ಮಠದಲ್ಲಿ ಓದಿದವರು ಉಪದೇಶಿಗಳಾದರು, ಸುವಾರ್ತಿಕರಾದರು, ನಿಧಾನವಾಗಿ ಪಾಸ್ಟರುಗಳೂ ಆದರು. ಹಣದ ಪೆಟ್ಟಿಗೆ ಮತ್ತು ಕೊನೆಯ ಮಾತು ಮಾತ್ರ ಮಿಷನರಿಗಳ ಕೈಯಲ್ಲೇ ಉಳಿಯಿತು. ಅವರ ಮೇಲೆ ಬಾಸೆಲ್ಲಿನ ಕಮಿಟಿ. ಮಿಷನರಿ ಯಾರನ್ನು ಮದುವೆಯಾಗಬೇಕು ಎಂಬುದಕ್ಕೂ ಕಮಿಟಿಯ ಅಪ್ಪಣೆ ಬೇಕಾಗಿದ್ದ ಸಂಸ್ಥೆ ಅದು. ತಮ್ಮ ಮಿಷನರಿಗಳನ್ನೇ ಅಷ್ಟು ಬಿಗಿಯಾಗಿ ಹಿಡಿದವರು ಮಂಗಳೂರಿನ, ಧಾರವಾಡದ ಸಭೆಗಳಿಗೆ ಸಲೀಸಾಗಿ ಲಗಾಮು ಬಿಟ್ಟುಕೊಡುವುದು ದೂರದ ಮಾತು. ದುಷ್ಟತನದಿಂದ ಹೀಗೆ ಮಾಡಿದರು ಎನ್ನಲಾರೆ. ಹೊಸಬರಿಗೆ ಇನ್ನೂ ಸಾಲದು, ಇನ್ನೊಂದು ತಲೆಮಾರು ಕಾಯೋಣ ಎಂಬ ಹಿರಿಯರ ಕಾಳಜಿಯೇ ಸಾಕಿತ್ತು. ಆ ಕಾಳಜಿಗೆ ಎಂದೂ ಸಮಯ ಮುಗಿಯುವುದಿಲ್ಲ.

1914ರಲ್ಲಿ ಮಹಾಯುದ್ಧ ಶುರುವಾಯಿತು. ಜರ್ಮನ್ ಮಿಷನರಿಗಳು ಬ್ರಿಟಿಷರಿಗೆ ಶತ್ರುದೇಶದ ಪ್ರಜೆಗಳಾದರು. ಅವರನ್ನು ಅಹ್ಮದ್‌ನಗರದ ಶಿಬಿರದಲ್ಲಿ ಕೂಡಿಹಾಕಿ, ಬಳಿಕ ಹಡಗು ಹತ್ತಿಸಿ ಊರಿಗೆ ಕಳಿಸಲಾಯಿತು. ಮಂಗಳೂರಿನ ಪ್ರಸಿದ್ಧ ಹೆಂಚಿನ ಕಾರ್ಖಾನೆ, ನೇಯ್ಗೆಯ ಕಾರ್ಖಾನೆಗಳು ಮಿಷನ್ನಿನ ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟಿಗೆ ಹೋದವು. ಸಭೆಯ ಬಹಳಷ್ಟು ಮನೆಗಳ ಅನ್ನ ಬೇಯುತ್ತಿದ್ದದ್ದು ಆ ಕಾರ್ಖಾನೆಗಳ ಸಂಬಳದಲ್ಲಿ. 80 ವರ್ಷ ಮುಂದೂಡಿದ ಹಸ್ತಾಂತರ ಕೆಲವೇ ವರ್ಷದಲ್ಲಿ, ಯಾರ ತಯಾರಿಯೂ ಇಲ್ಲದೆ, ಸರ್ಕಾರದ ಆದೇಶದ ಮೂಲಕ ನಡೆದುಹೋಯಿತು. ಸ್ವಿಸ್ ನೆರವಿನಿಂದ ಕೆನರೀಸ್ ಇವ್ಯಾಂಜೆಲಿಕಲ್ ಮಿಷನ್ ಎಂಬ ಹೊಸ ಏರ್ಪಾಡು ಬಂದು ಸ್ವಲ್ಪ ಆಸರೆ ಕೊಟ್ಟಿತು. ಸಭೆಗಳನ್ನು ದಿನದಿನವೂ ನಡೆಸಿ ಉಳಿಸಿಕೊಂಡವರು ಮಾತ್ರ ಊರಿನ ಪಾಸ್ಟರುಗಳು ಮತ್ತು ಸಭಾ ಹಿರಿಯರು. ಇನ್ನೂ ಸಾಲದು ಎನ್ನಿಸಿಕೊಂಡವರು ಸಾಲುತ್ತಾರೆ ಎಂದು ತೋರಿಸಲು ಒಂದು ಮಹಾಯುದ್ಧ ಬೇಕಾಯಿತು.

ಆ ತಲೆಮಾರಿನಲ್ಲಿ ಎಂಥವರಿದ್ದರು ಎಂಬುದಕ್ಕೆ ಉತ್ತಂಗಿ ಚೆನ್ನಪ್ಪನವರ ಹೆಸರೊಂದೇ ಸಾಕು. ಮಂಗಳೂರಿನಲ್ಲಿ ದೇವಶಾಸ್ತ್ರ ಓದಿ ಪಾಸ್ಟರಾದ ಅವರು ಊರೂರು ಅಲೆದು ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು. 1949ರಲ್ಲಿ ಕಲಬುರ್ಗಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಇಡೀ ಕನ್ನಡ ನಾಡು ತಲೆಬಾಗಿದ ವ್ಯಕ್ತಿಯನ್ನು ತಯಾರು ಮಾಡುವ ಶಕ್ತಿ ಬಲ್ಮಠದ ಆ ಶಾಲೆಗಿತ್ತು. ಕೊರತೆಯಿದ್ದದ್ದು ಪ್ರತಿಭೆಯದಲ್ಲ.

ಬಾಸೆಲ್‌ನವರನ್ನು ಮಾತ್ರ ದೂರುವುದು ನ್ಯಾಯವಲ್ಲ. ಆಂಗ್ಲಿಕನ್ ಸಭೆಯಲ್ಲಿ 1912ರ ಡಿಸೆಂಬರ್ 29ರಂದು ಕಲ್ಕತ್ತದಲ್ಲಿ ವಿ.ಎಸ್. ಅಜರಯ್ಯ ಮೊದಲ ಭಾರತೀಯ ಬಿಷಪರಾಗಿ ಅಭಿಷಿಕ್ತರಾದರು. ಆಗ ಅವರಿಗೆ 38. ಮದ್ರಾಸಿನ ಬಿಷಪ್ ಹೆನ್ರಿ ವೈಟ್‌ಹೆಡ್ ತಮ್ಮ ಅಧಿಕಾರದ ಪ್ರದೇಶದಲ್ಲೇ ಒಂದು ಭಾಗವನ್ನು ಬಿಟ್ಟುಕೊಟ್ಟು, ಬಿಳಿಯರು ಕರಿಯನ ಕೈಕೆಳಗೆ ಹೇಗೆ ದುಡಿಯುತ್ತಾರೆ ಎಂಬ ಗೊಣಗಾಟವನ್ನು ಎದುರಿಸಿ ನಿಂತದ್ದರಿಂದ ಇದು ಸಾಧ್ಯವಾಯಿತು. ತೆಲುಗು ಸೀಮೆಯ ದೋರ್ನಕಲ್ಲಿನಲ್ಲಿ ಅಜರಯ್ಯನವರು ಹಳ್ಳಿಯ ಉಪದೇಶಿಗಳಿಗೆ ಅವರ ಹೆಂಡಂದಿರ ಜೊತೆಯಲ್ಲೇ ತರಬೇತಿ ಕೊಟ್ಟರು. ಹಳ್ಳಿಯ ಸಭೆ ಅರ್ಧ ನಡೆಯುವುದು ಮನೆಯೊಳಗಿನ ಹೆಂಗಸರಿಂದ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೆ 1945ರಲ್ಲಿ ತೀರಿಕೊಳ್ಳುವವರೆಗೂ, ಅಂದರೆ 32 ವರ್ಷ, ಆ ಸಭೆಯಲ್ಲಿ ಒಂದು ಡಯಾಸಿಸ್ ನಡೆಸಿದ ಭಾರತೀಯ ಅವರೊಬ್ಬರೇ. ಆಫ್ರಿಕದಲ್ಲೂ ಇದೇ ಆಗಿತ್ತು: 1864ರಲ್ಲಿ ಬಿಷಪರಾದ, ಅಲ್ಲಿನವರೇ ಆದ ಸ್ಯಾಮುಯೆಲ್ ಕ್ರೌದರ್ 1891ರಲ್ಲಿ ತೀರಿಕೊಂಡಾಗ ಅವರ ಜಾಗಕ್ಕೆ ಬಂದವರು ಇಂಗ್ಲಿಷಿನವರು. ಒಬ್ಬರನ್ನು ಎತ್ತರದಲ್ಲಿ ಕೂರಿಸಿ ಫೋಟೊ ತೆಗೆಸಿಕೊಂಡ ಮಾತ್ರಕ್ಕೆ ಹೊಸ ತಲೆಮಾರು ತಯಾರಾದಂತೆ ಅಲ್ಲ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಸಿ.ಎಸ್.ಐ. ಹುಟ್ಟಿದಾಗ, ಸ್ವಾತಂತ್ರ್ಯ ಬಂದು ಆರು ವಾರವಾಗಿತ್ತು. ಆಗಲೂ ಹೊಸ ಬಿಷಪರಲ್ಲಿ ಹಲವರು ವಿದೇಶಿಯರೇ.

ಕಥೋಲಿಕರಲ್ಲಿ ವ್ಯವಸ್ಥೆ ಬೇರೆ. ಅಲ್ಲಿ ಧರ್ಮಾಧ್ಯಕ್ಷರಿಗೆ ಚುನಾವಣೆ ಇಲ್ಲ, ಚುನಾವಣೆಯ ಜಗಳವೂ ಇಲ್ಲ. ಧರ್ಮಾಧ್ಯಕ್ಷರು 75 ತುಂಬಿದಾಗ ರಾಜೀನಾಮೆ ಕಳಿಸಬೇಕು. ಒಪ್ಪುವುದು ಬಿಡುವುದು ಪೋಪರಿಗೆ ಬಿಟ್ಟದ್ದು. 80 ದಾಟಿದ ಕಾರ್ಡಿನಲ್‌ಗಳಿಗೆ ಪೋಪರ ಆಯ್ಕೆಯಲ್ಲಿ ಮತವಿಲ್ಲ ಎಂದು 1970ರಲ್ಲೇ ಆರನೆಯ ಪೌಲರು ನಿಯಮ ಮಾಡಿದರು. ಬೇಕೆನಿಸಿದರೆ ಧರ್ಮಾಧ್ಯಕ್ಷರು ಇರುವಾಗಲೇ ಕೊಅಡ್ಜುಟರ್ ಎಂಬ ಜೊತೆ ಧರ್ಮಾಧ್ಯಕ್ಷರನ್ನು ನೇಮಿಸಬಹುದು. ಮೊದಲಿನವರು ಇಳಿದ ಕೂಡಲೇ ಇವರು ತಾವಾಗಿಯೇ ಆ ಪೀಠಕ್ಕೆ ಬರುತ್ತಾರೆ. ಮೋಶೆ ಯೆಹೋಶುವರ ಏರ್ಪಾಡಿಗೆ ಕಾನೂನಿನ ಅಂಗಿ ತೊಡಿಸಿದಂತಿದೆ ಇದು. 2013ರಲ್ಲಿ ಹದಿನಾರನೆಯ ಬೆನೆಡಿಕ್ಟರು ತಾವಾಗಿ ಪೀಠ ಬಿಟ್ಟಾಗ, ಸುಮಾರು 600 ವರ್ಷದಲ್ಲಿ ಯಾರೂ ಮಾಡದ ಕೆಲಸ ಅದಾಗಿತ್ತು.

ನಮ್ಮ ಕರ್ನಾಟಕದಲ್ಲೇ ಆಲ್ಫೋನ್ಸಸ್ ಮಥಾಯಸ್ ಅವರ ಜೀವನವನ್ನು ನೋಡಿ. ಹೊಸದಾಗಿ ರಚನೆಯಾದ ಚಿಕ್ಕಮಗಳೂರು ಧರ್ಮಪ್ರಾಂತ್ಯಕ್ಕೆ ಅವರನ್ನು ನೇಮಿಸಿದಾಗ ಅವರಿಗೆ 35 ವರ್ಷ. ಇಂದು ನಮ್ಮ ಅನೇಕ ಸಭೆಗಳಲ್ಲಿ ಆ ವಯಸ್ಸಿನವರನ್ನು ಯುವಜನ ಸಂಘದ ಕಾರ್ಯದರ್ಶಿ ಮಾಡುವುದಕ್ಕೂ ಹಿರಿಯರು ಹಿಂದೆಮುಂದೆ ನೋಡುತ್ತಾರೆ. 1986ರಲ್ಲಿ ಅವರು ಬೆಂಗಳೂರಿನ ಮಹಾಧರ್ಮಾಧ್ಯಕ್ಷರಾದರು. 1998ರಲ್ಲಿ, 75 ಆಗಲು ಇನ್ನೂ ಐದು ವರ್ಷ ಇರುವಾಗಲೇ, ಪೀಠ ಬಿಟ್ಟರು. ಆಮೇಲೆ ಇಪ್ಪತ್ತಾರು ವರ್ಷ ಬದುಕಿದ್ದರು. ಎಳೆಯ ವಯಸ್ಸಿನಲ್ಲಿ ಏರುವುದು, ಹೊತ್ತಿಗೆ ಮುಂಚೆ ಇಳಿಯುವುದು, ಎರಡೂ ಒಬ್ಬರ ಬದುಕಿನಲ್ಲೇ ಆದದ್ದು ಅಪರೂಪ.

ಆದರೂ ಕಥೋಲಿಕ ಪದ್ಧತಿಯ ಕೊರತೆ ಇರುವುದು ಪೀಠದ ಕೆಳಗೆ. ಜೆಪ್ಪುವಿನ ಸಂತ ಜೋಸೆಫರ ಸೆಮಿನರಿ, ಮಲ್ಲೇಶ್ವರದ ಸಂತ ಪೇತ್ರರ ಸೆಮಿನರಿಗಳಲ್ಲಿ ಗುರುಗಳಾಗುವವರಿಗೆ ಹತ್ತು ವರ್ಷದ ಆಸುಪಾಸಿನ ತರಬೇತಿ ಇದೆ. ಚರ್ಚಿನ ಪಾಲನಾ ಪರಿಷತ್ತಿಗೆ ಬರುವ ಗೃಹಸ್ಥರಿಗೆ, ಮಂಗಳೂರು ಕಡೆಯ ವಾಳೆಯ ಗುರ್ಕಾರರಿಗೆ, ಅಂದರೆ ವಾರ್ಡಿನ ಮುಂದಾಳುಗಳಿಗೆ, ಅಷ್ಟರಲ್ಲಿ ಹತ್ತರಲ್ಲೊಂದು ಪಾಲೂ ಇಲ್ಲ. ಫಾದರ್ ವರ್ಗವಾಗಿ ಹೋದ ಮೇಲೂ ಊರಿನಲ್ಲೇ ಉಳಿಯುವವರು ಈ ಗುರ್ಕಾರರೇ ಅಲ್ಲವೇ?

ಇನ್ನು ಸ್ವತಂತ್ರ ಸಭೆಗಳ ಮಾತು. ಬೆಂಗಳೂರಿನ ಹೊರವಲಯದಿಂದ ಹಿಡಿದು ಜಿಲ್ಲಾ ಪಟ್ಟಣಗಳವರೆಗೆ ಕಳೆದ ಮೂರು ನಾಲ್ಕು ದಶಕಗಳಲ್ಲಿ ಇಂಥವು ಬಹಳ ಎದ್ದಿವೆ. ಬಿಷಪ್ ಇಲ್ಲ, ಸಿನೊಡ್ ಇಲ್ಲ. ಒಬ್ಬ ಪಾಸ್ಟರ್, ಒಂದು ಟ್ರಸ್ಟ್. ಅನೇಕ ಕಡೆ ಟ್ರಸ್ಟಿನ ಪತ್ರದಲ್ಲಿ ಪಾಸ್ಟರ್, ಅವರ ಹೆಂಡತಿ, ಹತ್ತಿರದ ನೆಂಟರದ್ದೇ ಹೆಸರು. ಸಭೆ ಕಟ್ಟಿದವರು ದಣಿದಾಗ ಕುರ್ಚಿಗೆ ಮಗನನ್ನೇ ಕರೆಯುತ್ತಾರೆ. ಮಗ ಯೋಗ್ಯನಿರಬಹುದು, ಎಷ್ಟೋ ಮಂದಿ ಇದ್ದಾರೆ. ಆದರೆ ಅವನನ್ನು ಆರಿಸಿದ್ದು ಸಭೆಯೋ ಆಸ್ತಿಪತ್ರವೋ ಎಂದು ಕೇಳಲು ಅಲ್ಲಿ ಯಾರಿಗೂ ಅವಕಾಶವಿಲ್ಲ.

ಈ ರೋಗ ನಮ್ಮದೊಂದೇ ಊರಿನದಲ್ಲ. ದಕ್ಷಿಣ ಕೊರಿಯದ ದೊಡ್ಡ ಪ್ರೆಸ್ಬಿಟೇರಿಯನ್ ಪಂಗಡವೊಂದು ಅಪ್ಪನ ಪೀಠಕ್ಕೆ ಮಗ ಬರಬಾರದೆಂದು 2013ರಲ್ಲಿ ನಿಯಮವನ್ನೇ ಮಾಡಿತು. ಅದೇ ಪಂಗಡದ ಸೋಲ್‌ನ ಮ್ಯುಂಗ್‌ಸಂಗ್ ಎಂಬ ಬೃಹತ್ ಸಭೆ 2017ರಲ್ಲಿ ಸ್ಥಾಪಕ ಪಾಸ್ಟರರ ಮಗನನ್ನೇ ಕೂರಿಸಿತು. ದೇಶವೆಲ್ಲ ಗದ್ದಲವಾಗಿ, 2019ರಲ್ಲಿ ಪಂಗಡದ ಮಹಾಸಭೆ ಸಂಧಾನ ಮಾಡಿ, ಮಗ 2021ರಿಂದ ಮುಂದುವರಿಯಲಿ ಎಂದಿತು. ನಿಯಮ ಸೋತಿತು, ಸಭೆಯ ಗಾತ್ರ ಗೆದ್ದಿತು.

ಅಮೆರಿಕದ ಕ್ರಿಸ್ಟಲ್ ಕೆಥೀಡ್ರಲ್ ಕಥೆ ಇನ್ನೂ ಸ್ಪಷ್ಟ. ಟಿ.ವಿ. ಪ್ರಸಂಗಗಳಿಂದ ಜಗತ್ಪ್ರಸಿದ್ಧರಾದ ರಾಬರ್ಟ್ ಶುಲರ್ 2006ರಲ್ಲಿ ಮಗನಿಗೆ ಪೀಠ ಕೊಟ್ಟರು. ಎರಡು ವರ್ಷದಲ್ಲಿ ಅಪ್ಪ ಮಕ್ಕಳಿಗೆ ಹೊಂದಾಣಿಕೆ ತಪ್ಪಿ ಮಗ ಹೊರಗೆ ಹೋದ. ಆಮೇಲೆ ಮಗಳು ಬಂದರು. 2010ರಲ್ಲಿ ಸಂಸ್ಥೆ ದಿವಾಳಿಯಾಯಿತು. ಸಾವಿರಾರು ಗಾಜಿನ ಹಲಗೆಗಳ ಆ ಕಟ್ಟಡವನ್ನು ಕೊಂಡದ್ದು ಅಲ್ಲಿನ ಕಥೋಲಿಕ ಧರ್ಮಪ್ರಾಂತ್ಯ. ಇಂದು ಅದು ಅವರ ಪ್ರಧಾನಾಲಯ. ಎಡವಿದ್ದು ಇಲ್ಲೇ: ಮಗನಿಗೆ ಕೊಟ್ಟದ್ದು ಪ್ರಸಂಗ ಪೀಠ ಮಾತ್ರ, ಆಡಳಿತ ಮಂಡಳಿಯಲ್ಲಿ ಮನೆಯವರ ಹಿಡಿತ ಹಾಗೇ ಇತ್ತು.

ಹಾಗಾದರೆ ಮನೆಯವರಲ್ಲದವರನ್ನು ಆರಿಸಿ, ಕಾಗದದ ಮೇಲೆ ಚೆನ್ನಾಗಿ ಯೋಜನೆ ಹಾಕಿದರೆ ಸಾಕೇ? ಶಿಕಾಗೊ ಹತ್ತಿರದ ವಿಲೋ ಕ್ರೀಕ್ ಸಭೆ ಅದನ್ನೇ ಮಾಡಿತು. ಸ್ಥಾಪಕ ಬಿಲ್ ಹೈಬಲ್ಸ್ ಅವರ ನಂತರ ಆಡಳಿತಕ್ಕೆ ಒಬ್ಬ ಮಹಿಳೆ, ಬೋಧನೆಗೆ ಒಬ್ಬ ಯುವಕ ಎಂದು 2017ರಲ್ಲಿ ಘೋಷಿಸಿದರು. ಮರುವರ್ಷ ಹೈಬಲ್ಸ್ ಅವರ ನಡತೆಯ ಮೇಲೆ ಮಹಿಳೆಯರ ದೂರುಗಳು ಬಂದು ಅವರು ಅವಧಿಗೆ ಮುಂಚೆ ಇಳಿದರು. ಅವರು ಆ ದೂರುಗಳನ್ನು ಒಪ್ಪಲಿಲ್ಲ. ಕೆಲವೇ ತಿಂಗಳಲ್ಲಿ ಆ ಇಬ್ಬರು ಉತ್ತರಾಧಿಕಾರಿಗಳೂ, ಹಿರಿಯರ ಮಂಡಳಿ ಪೂರ್ತಿಯೂ ರಾಜೀನಾಮೆ ಕೊಟ್ಟರು. ದೊಡ್ಡವರನ್ನು ಪ್ರಶ್ನೆ ಮಾಡುವ ಅಭ್ಯಾಸ ಸಭೆಗೆ ಮೊದಲೇ ಇಲ್ಲದಿದ್ದರೆ ಎಂಥ ಯೋಜನೆಯೂ ಉಳಿಯದು.

ಚೆನ್ನಾಗಿ ನಡೆದ ಉದಾಹರಣೆ ಬೇಕೆಂದರೆ ಲಂಡನ್ನಿನ ಆಲ್ ಸೋಲ್ಸ್ ಸಭೆಗೆ ಹೋಗಬೇಕು. ಜಾನ್ ಸ್ಟಾಟ್ ಅಲ್ಲಿಗೆ 1945ರಲ್ಲಿ ಸಹಾಯಕ ಪಾಸ್ಟರಾಗಿ ಬಂದರು. ಐದು ವರ್ಷಕ್ಕೆ, 29ರ ವಯಸ್ಸಿನಲ್ಲಿ, ಅದೇ ಸಭೆಗೆ ಅವರು ಮುಖ್ಯಸ್ಥರಾದರು. ಜಗತ್ತಿನಾದ್ಯಂತ ಹೆಸರಾಗಿದ್ದಾಗಲೇ, ಐವತ್ತರ ಅಂಚಿನಲ್ಲಿ, 1970ರಲ್ಲಿ ಅವರು ಮೈಕಲ್ ಬಾನ್ ಅವರಿಗೆ ಸಭೆಯ ನಿತ್ಯದ ಹೊಣೆ ಕೊಟ್ಟು ಪಕ್ಕಕ್ಕೆ ಸರಿದರು. 1975ರಲ್ಲಿ ಬಾನ್ ಪೂರ್ಣ ಮುಖ್ಯಸ್ಥರಾದರು. ಸ್ಟಾಟ್ ಆ ಸಭೆಯನ್ನು ಬಿಟ್ಟು ಹೋಗಲಿಲ್ಲ, ಬಾನ್ ಅವರ ಕೆಲಸಕ್ಕೆ ಕೈ ಹಾಕಲೂ ಇಲ್ಲ. ತಮ್ಮ ಜೊತೆಗೆ ಓದು ಬರಹಕ್ಕೆ ನೆರವಾಗಲು ಒಬ್ಬೊಬ್ಬ ತರುಣನನ್ನು ಕೆಲವು ವರ್ಷ ಇಟ್ಟುಕೊಂಡು ಬೆಳೆಸಿದರು. ತಮ್ಮ ಪುಸ್ತಕಗಳ ಗೌರವಧನವನ್ನು ಬಡ ದೇಶಗಳ ಪಾಸ್ಟರುಗಳಿಗೆ ಪುಸ್ತಕ ಒದಗಿಸಲು ಕೊಟ್ಟರು. ಕುರ್ಚಿ ಬಿಟ್ಟ ಮೇಲೆ ಮಾಡಲು ಅವರಿಗೆ ಇಷ್ಟು ಕೆಲಸವಿತ್ತು. ನಮ್ಮ ಹಿರಿಯರು ಕುರ್ಚಿಗೆ ಅಂಟಿಕೊಳ್ಳುವುದಕ್ಕೆ ಆಸೆಯೊಂದೇ ಕಾರಣವಲ್ಲ. ಇಳಿದ ಮರುದಿನ ಬೆಳಿಗ್ಗೆ ಏನು ಮಾಡಬೇಕು, ಎಲ್ಲಿ ಇರಬೇಕು, ಪಿಂಚಣಿ ಎಷ್ಟು ಎಂಬುದಕ್ಕೆ ಬಹುತೇಕ ಸಭೆಗಳಲ್ಲಿ ಉತ್ತರವಿಲ್ಲ. ಸಣ್ಣ ಸಭೆಯ ಪಾಸ್ಟರಿಗಂತೂ ಕುರ್ಚಿ ಹೋದರೆ ವಾಸದ ಮನೆಯೂ ಹೋಗುತ್ತದೆ. ಹಿರಿಯರನ್ನು ಗೌರವದಿಂದ ಕಳಿಸಿಕೊಡುವ ಲೆಕ್ಕವನ್ನು ಮೊದಲು ಮಾಡದೆ ಕಿರಿಯರ ಬಗ್ಗೆ ಭಾಷಣ ಮಾಡಿ ಪ್ರಯೋಜನವಿಲ್ಲ.

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರು 11 ಲಕ್ಷಕ್ಕೂ ಹೆಚ್ಚು, ನೂರಕ್ಕೆ ಇಬ್ಬರಿಗಿಂತ ಸ್ವಲ್ಪ ಕಡಿಮೆ. ಇವರ ಸಭೆಗಳಲ್ಲಿ ಯುವಕರಿಗೆ ಕೆಲಸ ಕೊಡುತ್ತಿಲ್ಲ ಎಂದರೆ ತಪ್ಪಾಗುತ್ತದೆ. ಗಿಟಾರು, ಕೀಬೋರ್ಡು ಅವರದೇ, ಪ್ರೊಜೆಕ್ಟರ್ ಅವರದೇ, ಕ್ರಿಸ್‌ಮಸ್ಸಿನ ನಾಟಕ, ಸಂಡೇ ಸ್ಕೂಲು, ಆರಾಧನೆಯನ್ನು ಯೂಟ್ಯೂಬಿಗೆ ಹಾಕುವುದು ಎಲ್ಲವೂ ಅವರದೇ. ಕಾಣಿಕೆ ಎಣಿಸುವ ಮೇಜಿನ ಸುತ್ತ ಮಾತ್ರ ಅದೇ ಹಿರಿಯರು. ಬಾಸೆಲ್ ಮಿಷನ್ನಿನವರು ಉಪದೇಶಿಗಳಿಗೆ ಪ್ರಸಂಗ ಕೊಟ್ಟು ಲೆಕ್ಕ ಕೊಡದೇ ಇದ್ದದ್ದಕ್ಕೂ ಇದಕ್ಕೂ ನನಗೆ ಹೆಚ್ಚು ವ್ಯತ್ಯಾಸ ಕಾಣಿಸುವುದಿಲ್ಲ. ಸಿ.ಎಸ್.ಐ.ಯಲ್ಲಿ ಪಾಸ್ಟರುಗಳು ಕೆಲವು ವರ್ಷಕ್ಕೊಮ್ಮೆ ವರ್ಗವಾಗುತ್ತಾರೆ, ಸಮಿತಿಯ ಕೆಲವು ಹೆಸರುಗಳು ಮಾತ್ರ ತಲೆಮಾರುಗಟ್ಟಲೆ ವರ್ಗವಾಗುವುದಿಲ್ಲ. ಶಾಲೆ, ಆಸ್ಪತ್ರೆ, ಪೇಟೆಯ ನಡುವಿನ ಜಾಗ ಇವುಗಳ ಬೆಲೆ ಏರಿದಷ್ಟೂ ಚುನಾವಣೆಯ ಬಿಸಿಯೂ ಏರಿದೆ. ಆ ಬಿಸಿಗೆ ಹೆದರಿ ಒಳ್ಳೆಯ ಹುಡುಗರು ದೂರ ಸರಿಯುತ್ತಾರೆ.

ಭಾಷೆಯದ್ದೂ ಒಂದು ತೊಡಕಿದೆ. ಬೆಂಗಳೂರಿನ ಕನ್ನಡ ಸಭೆಗಳ ಮಕ್ಕಳು ಇಂಗ್ಲಿಷ್ ಶಾಲೆಗೆ ಹೋಗಿ, ಇಂಗ್ಲಿಷ್ ಆರಾಧನೆಗೆ ಸೇರಿಕೊಳ್ಳುತ್ತಾರೆ. ಕನ್ನಡದಲ್ಲಿ ಪ್ರಸಂಗ ಮಾಡಬಲ್ಲ, ಹಳ್ಳಿಯ ಸಭೆಗೆ ಹೋಗಿ ನಿಲ್ಲಬಲ್ಲ ಯುವಕರು ಬೇಕೆಂದರೆ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಂಥ ಕೆಲವೇ ಕಡೆ ನೋಡಬೇಕು. ಇನ್ನು ಹೆಣ್ಣುಮಕ್ಕಳ ವಿಷಯದಲ್ಲಿ ಸಿ.ಎಸ್.ಐ. ಇತರ ಅನೇಕರಿಗಿಂತ ಮುಂದಿದೆ. 1976ರಿಂದಲೇ ಮಹಿಳೆಯರಿಗೆ ಗುರುದೀಕ್ಷೆ ಕೊಡುತ್ತಿದೆ, 2013ರಲ್ಲಿ ಇ. ಪುಷ್ಪಲಲಿತಾ ನಂದ್ಯಾಲದ ಬಿಷಪರಾದರು. ಅಜರಯ್ಯನವರ ಕಥೆ ಇಲ್ಲಿ ಮತ್ತೆ ನಡೆಯದಿರಬೇಕಾದರೆ ಎರಡನೆಯವರು, ಮೂರನೆಯವರು ಬರುತ್ತಲೇ ಇರಬೇಕು.

ಈ ಲೇಖನ ಓದುವವರಲ್ಲಿ ಯಾರಾದರೂ ಸಭಾ ಸಮಿತಿಯಲ್ಲಿದ್ದರೆ ಒಂದು ಬಿನ್ನಹ. ನಿಮ್ಮ ಮುಂದಿನ ವಾರ್ಷಿಕ ಸಭೆಗೆ ಮೂರು ಠರಾವು ತನ್ನಿ: ಖಜಾಂಚಿಯ ಜೊತೆ ಮೂವತ್ತರೊಳಗಿನ ಒಬ್ಬರು ಲೆಕ್ಕ ಬರೆದು ಬ್ಯಾಂಕಿನ ಚೆಕ್ಕಿಗೆ ಸಹಿಯನ್ನೂ ಹಾಕಲಿ; ಎರಡು ಅವಧಿ ಮುಗಿಸಿದ ಸದಸ್ಯರು ಒಂದು ಅವಧಿ ಹೊರಗಿರಲಿ; ನಿವೃತ್ತರಾಗುವ ಪಾಸ್ಟರಿಗೆ ಮನೆ ಮತ್ತು ಪಿಂಚಣಿಗಾಗಿ ಕಾಣಿಕೆಯ ಒಂದು ಪಾಲು ಈ ವರ್ಷದಿಂದಲೇ ಬೇರೆ ಇಡಲಿ. ಇವು ಮೂರಕ್ಕೂ ಸಿನೊಡಿನ ಅಪ್ಪಣೆ ಬರುವವರೆಗೆ ಕಾಯಬೇಡಿ. ನಿಮ್ಮ ಸಭೆಯ ಮಟ್ಟದಲ್ಲಿ ಎಷ್ಟಾಗುತ್ತದೋ ಅಷ್ಟರಿಂದ ಶುರು ಮಾಡಿ.